ಎರಡು ನೋಟ್‌ಬುಕ್ ತುಂಬಿತು, ಅಂಕ ಮಾತ್ರ ಅಲ್ಲೇ ಇದೆ

ಪ್ರಶ್ನೆ: ಸರ್, ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಮೂರು ತಿಂಗಳಿಂದ ಓದುತ್ತಿದ್ದೇನೆ. ಇಲ್ಲಿವರೆಗೆ ಎಂಟು ಮಾಕ್ ಟೆಸ್ಟ್ ಬರೆದಿದ್ದೇನೆ. ಪ್ರತಿ ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆಗಳನ್ನೆಲ್ಲ ಉತ್ತರದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಈಗ ಎರಡನೇ ನೋಟ್‌ಬುಕ್ ಮುಗಿಯುತ್ತಾ ಬಂದಿದೆ. ಆದರೂ ಕ್ವಾಂಟ್‌ನಲ್ಲಿ, ಅಂದರೆ ಗಣಿತದ ಭಾಗದಲ್ಲಿ, 157ರಿಂದ 160ರ ಮಧ್ಯೆಯೇ ಓಡಾಡುತ್ತಿದ್ದೇನೆ. ಆಮೇಲೆ ಕೂತು ನೋಡಿದರೆ ಅರ್ಧಕ್ಕರ್ಧ ಸಿಲ್ಲಿ ಮಿಸ್ಟೇಕ್‌ಗಳೇ. ಪರೀಕ್ಷೆಗೆ ಇನ್ನು ಐದು ವಾರ ಇದೆ. ಇನ್ನೂ ಜಾಸ್ತಿ ಟೆಸ್ಟ್ ಬರೆಯಬೇಕಾ? ಅಥವಾ ದಿನಾಂಕ ಮುಂದಕ್ಕೆ ಹಾಕಲಾ? ನೋಟ್‌ಬುಕ್ಕಿನ ಎರಡು ಪುಟದ ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ: ಕೊನೆಯ ಎರಡು ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಜಾಸ್ತಿ ಟೆಸ್ಟ್ ಬೇಡ, ಇರೋದನ್ನೂ ಕಡಿಮೆ ಮಾಡಿ. ದಿನಾಂಕದ ವಿಷಯ ಮೂರು ವಾರ ಬಿಟ್ಟು ನೋಡೋಣ. ಈಗ ನೋಟ್‌ಬುಕ್ಕಿಗೆ ಬರೋಣ. ನಿಮ್ಮ ಸಮಸ್ಯೆ ಇರೋದು ಅಲ್ಲಿ.

ಎರಡೂ ಪುಟ ನಿಧಾನವಾಗಿ ನೋಡಿದೆ. ಅಕ್ಷರ ಮುದ್ದಾಗಿದೆ. ಪ್ರಶ್ನೆ ನೀಲಿಯಲ್ಲಿ, ಉತ್ತರ ಹಸಿರಿನಲ್ಲಿ, ಕೆಳಗೆ ಕೆಂಪಿನಲ್ಲಿ ಒಂದು ಸಾಲಿನ ಷರಾ. ಒಟ್ಟು ಏಳು ಪ್ರಶ್ನೆ. ನಾಲ್ಕರ ಕೆಳಗೆ "ಸಿಲ್ಲಿ ಮಿಸ್ಟೇಕ್" ಅಂತ ಇದೆ. ಎರಡರ ಕೆಳಗೆ "ಕಾನ್ಸೆಪ್ಟ್ ರಿವೈಸ್ ಮಾಡಬೇಕು". ಒಂದರ ಕೆಳಗೆ "ಟೈಮ್ ಸಾಲಲಿಲ್ಲ". ನೀವು ಯಾವ ತಪ್ಪು ಆಯ್ಕೆಗೆ ಗುರುತು ಹಾಕಿದಿರಿ ಅನ್ನೋದು ಏಳರಲ್ಲಿ ಒಂದರಲ್ಲೂ ಇಲ್ಲ. ಆಗ ತಲೆಯಲ್ಲಿ ಏನು ಓಡುತ್ತಿತ್ತು ಅನ್ನೋದೂ ಇಲ್ಲ. ತಪ್ಪುಗಳ ನೋಟ್‌ಬುಕ್ ಅಂತ ಹೆಸರು, ಒಳಗೆ ಇರೋದೆಲ್ಲ ಸರಿ ಉತ್ತರ!

ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ನಾನು ಪರೀಕ್ಷೆ ಬರೆಯುವ ಕಾಲದಲ್ಲಿ ನನ್ನ ಹತ್ತಿರವೂ ಇಂಥದ್ದೇ ಒಂದಿತ್ತು. ಸ್ಕೇಲ್ ಇಟ್ಟು ಮಾರ್ಜಿನ್ ಎಳೆದು, ಮುಖ್ಯ ಸೂತ್ರಕ್ಕೆ ಚೌಕ ಹಾಕಿ, ಅಷ್ಟು ಅಂದವಾಗಿ ಬರೆದಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ತೆಗೆದು ನೋಡಿದರೆ ಎಲ್ಲವೂ ಗೊತ್ತಿರೋದೇ ಅನ್ನಿಸಿತು. ಮರುದಿನ ಅದರೊಳಗಿನ ತಪ್ಪುಗಳನ್ನೇ ಮತ್ತೆ ಮಾಡಿ ಬಂದೆ.

ಈಗ ನಿಮ್ಮ ಮೊದಲ ಪುಟದ ಎರಡನೇ ಪ್ರಶ್ನೆ ತೆಗೆದುಕೊಳ್ಳಿ. ಸೊನ್ನೆಗಿಂತ ದೊಡ್ಡ ಒಂದು ಸಂಖ್ಯೆ ಇದೆ. ಎಡಗಡೆ ಆ ಸಂಖ್ಯೆಯ ವರ್ಗ, ಬಲಗಡೆ ಆ ಸಂಖ್ಯೆ. ಯಾವುದು ದೊಡ್ಡದು? ಎಡ, ಬಲ, ಎರಡೂ ಸಮ, ಹೇಳೋಕಾಗಲ್ಲ, ಹೀಗೆ ನಾಲ್ಕು ಆಯ್ಕೆ. ಜಿಆರ್‌ಇಯ ಈ ಹೋಲಿಕೆ ಪ್ರಶ್ನೆಗಳಲ್ಲಿ ಯಾವಾಗಲೂ ಇವೇ ನಾಲ್ಕು. ನೀವು ಬರೆದಿರೋ ಸರಿ ಉತ್ತರ "ಹೇಳೋಕಾಗಲ್ಲ". ಸಂಖ್ಯೆ 3 ಆದರೆ ವರ್ಗ 9, ಎಡ ದೊಡ್ಡದು. ಅರ್ಧ ಆದರೆ ವರ್ಗ ಕಾಲು, ಬಲ ದೊಡ್ಡದು. 1 ಆದರೆ ಎರಡೂ ಸಮ. ಕೆಳಗಿನ ಷರಾ: "ಸಿಲ್ಲಿ. ಭಿನ್ನರಾಶಿ ಮರೆತೆ."

ಎರಡನೇ ಪುಟದ ಐದನೇ ಪ್ರಶ್ನೆ ನೋಡಿ. ಎರಡು ಸಂಖ್ಯೆಗಳಿವೆ, ಯಾವುದೂ ಸೊನ್ನೆ ಅಲ್ಲ, ಮೊದಲನೆಯದು ಎರಡನೆಯದಕ್ಕಿಂತ ಚಿಕ್ಕದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರೋದು ದೊಡ್ಡದೋ, 1 ದೊಡ್ಡದೋ? ನೀವು ಹಾಕಿದ ಗುರುತು ಯಾವುದು ಅಂತ ಬರೆದಿಲ್ಲ, ಆದರೂ ಹೇಳಬಲ್ಲೆ. ನೀವು 2 ಮತ್ತು 3 ಇಟ್ಟು ನೋಡಿರುತ್ತೀರಿ. ಮೂರನೇ ಎರಡು, ಅದು 1ಕ್ಕಿಂತ ಕಡಿಮೆ. ಹಾಗಾಗಿ "1 ದೊಡ್ಡದು" ಅಂದಿರುತ್ತೀರಿ. ಮೈನಸ್ 4 ಮತ್ತು ಮೈನಸ್ 2 ಇಟ್ಟಿದ್ದರೆ ಉತ್ತರ 2 ಬರುತ್ತಿತ್ತು, ಮಾತು ಉಲ್ಟಾ ಆಗುತ್ತಿತ್ತು. ಇಲ್ಲಿನ ಷರಾ: "ಸಿಲ್ಲಿ. ಋಣ ಸಂಖ್ಯೆ ನೋಡಲಿಲ್ಲ."

ನಿಮ್ಮ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ತಪ್ಪು. ಒಂದು ಭಿನ್ನರಾಶಿಯದ್ದು, ಇನ್ನೊಂದು ಋಣ ಸಂಖ್ಯೆಯದ್ದು. ನನಗೆ ಕಾಣೋದು ಒಂದೇ ತಪ್ಪು. "ಒಂದು ಸಂಖ್ಯೆ" ಅಂದ ಕೂಡಲೇ ನಿಮ್ಮ ಕೈ 2, 3, 10ರ ಕಡೆಗೇ ಹೋಗುತ್ತದೆ. ಎಣಿಸೋಕೆ ಬರುವ ಸಂಖ್ಯೆಗಳಷ್ಟೇ ಸಂಖ್ಯೆ ಅನ್ನೋ ಹಳೇ ಅಭ್ಯಾಸ ಅದು. ಪ್ರಶ್ನೆ ಬರೆಯುವವರಿಗೆ ಈ ಅಭ್ಯಾಸ ಚೆನ್ನಾಗಿ ಗೊತ್ತು, ಅದಕ್ಕೇ ಮತ್ತೆ ಮತ್ತೆ ಅಲ್ಲಿಗೇ ಗಾಳ ಹಾಕುತ್ತಾರೆ. ಹೀಗೆ ನೋಡಿದರೆ ಮದ್ದೂ ಒಂದೇ. ಹೋಲಿಕೆ ಪ್ರಶ್ನೆ ಕಂಡ ತಕ್ಷಣ ರಫ್ ಹಾಳೆಯ ಮೂಲೆಯಲ್ಲಿ ಐದು ಸಂಖ್ಯೆ ಬರೆಯಿರಿ: 0, 1, ಅರ್ಧ, ಮೈನಸ್ ಅರ್ಧ, ಮೈನಸ್ 2. ಪ್ರಶ್ನೆಯ ಷರತ್ತಿಗೆ ಹೊಂದದ್ದನ್ನು ಹೊಡೆದುಹಾಕಿ, ಉಳಿದದ್ದನ್ನು ಇಟ್ಟು ನೋಡಿ. ಹತ್ತು ಸೆಕೆಂಡಿನ ಕೆಲಸ. ನಿಮ್ಮ ಎರಡೂ ಪ್ರಶ್ನೆ ಸರಿಯಾಗುತ್ತಿದ್ದವು. ಮುಂದೆ ಬರುವ, ನೀವಿನ್ನೂ ಕಂಡಿರದ ಎಷ್ಟೋ ಪ್ರಶ್ನೆ ಕೂಡ.

ನೀವು ಉತ್ತರದ ಕೆಳಗೆ ಷರಾ ಬರೆಯುತ್ತಿದ್ದೀರಿ. ಬರೆಯಬೇಕಾದದ್ದು ಗುರುತು ಹಾಕುವ ಅರ್ಧ ನಿಮಿಷ ಮೊದಲು ನೀವು ಏನು ತೀರ್ಮಾನ ಮಾಡಿದಿರಿ ಅನ್ನೋದನ್ನು. ಇದೇ ಪ್ರಶ್ನೆ ಪರೀಕ್ಷೆಯಲ್ಲಿ ಮತ್ತೆ ಬರೋದಿಲ್ಲ. ನಿಮ್ಮ ಅಭ್ಯಾಸ ಮಾತ್ರ ಖಂಡಿತ ನಿಮ್ಮ ಜೊತೆಗೇ ಬಂದು ಕೂರುತ್ತದೆ.

ಇನ್ನು "ಸಿಲ್ಲಿ" ಅನ್ನೋ ಪದ. ಇದರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ. ಆ ಪದ ಬರೆದ ಕೂಡಲೇ ಮನಸ್ಸಿಗೆ ಸಮಾಧಾನ ಆಗುತ್ತದೆ. ನನಗೆ ವಿಷಯ ಗೊತ್ತಿತ್ತು, ಏನೋ ಮೈಮರೆತೆ ಅಷ್ಟೇ, ಅಂತ. ಆಮೇಲೆ ಮುಂದೆ ಯೋಚನೆ ಮಾಡೋ ಕೆಲಸವೇ ಉಳಿಯೋದಿಲ್ಲ. ಮೂರು ತಿಂಗಳಲ್ಲಿ ಅರ್ಧಕ್ಕರ್ಧ ತಪ್ಪು ಸಿಲ್ಲಿ ಆಗಿದ್ದರೆ ಅದು ಸಿಲ್ಲಿ ಅಲ್ಲ, ನಿಮ್ಮ ಅತಿ ದೊಡ್ಡ ಪಾಠ ಅದೇ ಅಲ್ವಾ?

ಶೇನ್ ಫ್ರೆಡರಿಕ್ ಅನ್ನೋ ಸಂಶೋಧಕರು 2005ರಲ್ಲಿ ಮೂರು ಪುಟ್ಟ ಪ್ರಶ್ನೆಗಳ ಒಂದು ಪರೀಕ್ಷೆ ಪ್ರಕಟಿಸಿದರು. ಅದರಲ್ಲಿ ಒಂದು ಹೀಗಿದೆ. ಒಂದು ಬ್ಯಾಟು, ಒಂದು ಚೆಂಡು ಸೇರಿ 1 ಡಾಲರ್ 10 ಸೆಂಟ್. ಬ್ಯಾಟಿನ ಬೆಲೆ ಚೆಂಡಿಗಿಂತ 1 ಡಾಲರ್ ಜಾಸ್ತಿ. ಚೆಂಡಿಗೆ ಎಷ್ಟು? ಹತ್ತು ಸೆಂಟ್ ಅಂತ ನಾಲಿಗೆಗೆ ಬಂತು ತಾನೇ? ಚೆಂಡು ಹತ್ತಾದರೆ ಬ್ಯಾಟು 1 ಡಾಲರ್ 10, ಎರಡೂ ಸೇರಿ 1 ಡಾಲರ್ 20 ಆಗಿಬಿಡುತ್ತದೆ. ಸರಿ ಉತ್ತರ ಐದು ಸೆಂಟ್. ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಇಲ್ಲಿ ಎಡವಿದ್ದಾರೆ. ಅವರಿಗೆ ಕೂಡಿಸೋಕೆ ಬರೋದಿಲ್ಲ ಅಂತಲ್ಲ. ಮೊದಲು ಹೊಳೆದ ಉತ್ತರವನ್ನು ವಾಪಸ್ ಇಟ್ಟು ನೋಡುವ ಅಭ್ಯಾಸ ಇಲ್ಲ, ಅಷ್ಟೇ. ಇದಕ್ಕೆ ಸಿಲ್ಲಿ ಅಂತ ಹೆಸರಿಟ್ಟರೆ ಏನೂ ಸಿಗಲಿಲ್ಲ. "ಹೊಳೆದದ್ದನ್ನು ವಾಪಸ್ ಇಟ್ಟು ನೋಡಲಿಲ್ಲ" ಅಂತ ಬರೆದರೆ ಮುಂದಿನ ಸಲ ಏನು ಮಾಡಬೇಕು ಅನ್ನೋದು ಆ ಸಾಲಿನಲ್ಲೇ ಇದೆ.

ನಿಜವಾದ ಕಣ್ತಪ್ಪು ಇರೋದಿಲ್ವಾ? ಇರುತ್ತದೆ. ಆದರೆ ಕಣ್ತಪ್ಪಿಗೂ ಒಂದು ಜಾಗ ಇರುತ್ತದೆ. ಕೆಲವರಿಗೆ ಹಾಳೆಯಿಂದ ಪರದೆ ಮೇಲಿನ ಕ್ಯಾಲ್ಕುಲೇಟರ್‌ಗೆ ಹೋಗುವಾಗ 0.06 ಹೋಗಿ 0.6 ಆಗುತ್ತದೆ. ಕೆಲವರು ಆವರಣ ಬಿಡಿಸುವಾಗ ಮೈನಸ್ ಚಿಹ್ನೆ ಕಳೆದುಕೊಳ್ಳುತ್ತಾರೆ. ನಿಮ್ಮ ನಾಲ್ಕು "ಸಿಲ್ಲಿ"ಯಲ್ಲಿ ಒಂದು ಹಾಗಿದೆ: ಕೇಳಿದ್ದು ತ್ರಿಜ್ಯ, ನೀವು ಕಂಡುಹಿಡಿದದ್ದು ವ್ಯಾಸ. ಲೆಕ್ಕ ಪೂರ್ತಿ ಸರಿ. ಇದರ ಕೆಳಗೆ "ಹುಷಾರಾಗಿರಬೇಕು" ಅಂತ ಬರೆದಿದ್ದೀರಿ. ಅದು ಉಪಾಯ ಅಲ್ಲ, ಹರಕೆ. ಗುರುತು ಹಾಕುವ ಮುಂಚೆ ಪ್ರಶ್ನೆಯ ಕೊನೇ ಸಾಲನ್ನು ಇನ್ನೊಮ್ಮೆ ಓದುತ್ತೇನೆ, ಅದು ಉಪಾಯ. ಕೈಯಲ್ಲೋ ಕಣ್ಣಲ್ಲೋ ಮಾಡಬಹುದಾದ ಕೆಲಸವಾಗಿರಬೇಕು. ಮನಸ್ಸಿನಲ್ಲಿ ಅಂದುಕೊಳ್ಳುವ ಮಾತಾದರೆ ಟೆಸ್ಟಿನ ಗಡಿಬಿಡಿಯಲ್ಲಿ ಅದು ಮಾಯ.

ತಪ್ಪು ಆಯ್ಕೆಯನ್ನು ಬರೆದಿಡಿ ಅಂದೆನಲ್ಲ, ಅದಕ್ಕೆ ಇನ್ನೊಂದು ಕಾರಣ ಇದೆ. ಒಳ್ಳೆಯ ಪರೀಕ್ಷೆಗಳಲ್ಲಿ ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಿರೋದಿಲ್ಲ. ಜನ ಎಲ್ಲೆಲ್ಲಿ ದಾರಿ ತಪ್ಪುತ್ತಾರೋ ಆ ಒಂದೊಂದು ದಾರಿಯ ಕೊನೆಗೆ ಒಂದೊಂದು ಆಯ್ಕೆ ಇಟ್ಟಿರುತ್ತಾರೆ. ಒಂದು ಬೆಲೆ ಶೇಕಡಾ 20 ಏರಿ, ಆಮೇಲೆ ಶೇಕಡಾ 20 ಇಳಿಯಿತು ಅಂದುಕೊಳ್ಳಿ. 100 ಇದ್ದದ್ದು 120 ಆಗಿ, 120ರ ಶೇಕಡಾ 20 ಅಂದರೆ 24 ಕಳೆದು 96ಕ್ಕೆ ನಿಲ್ಲುತ್ತದೆ. ಆಯ್ಕೆಗಳಲ್ಲಿ "ಮೊದಲಿನಷ್ಟೇ" ಅನ್ನೋದು ಇದ್ದೇ ಇರುತ್ತದೆ. "ಶೇಕಡಾ 4 ಜಾಸ್ತಿ" ಅನ್ನೋದೂ ಇರುತ್ತದೆ. ಮೊದಲನೆಯದನ್ನು ಆರಿಸಿದವರು ಶೇಕಡಾ ಯಾವುದರ ಮೇಲೆ ಅನ್ನೋದನ್ನೇ ಕೇಳಿಕೊಳ್ಳಲಿಲ್ಲ. ಎರಡನೆಯದನ್ನು ಆರಿಸಿದವರಿಗೆ ವಿಷಯ ಗೊತ್ತಿದೆ, ಕೊನೆಯಲ್ಲಿ ದಿಕ್ಕು ತಪ್ಪಿತು. ಇಬ್ಬರಿಗೂ ಹೋದದ್ದು ಅದೇ ಒಂದು ಪ್ರಶ್ನೆ, ಕಲಿಯಬೇಕಾದದ್ದು ಬೇರೆ ಬೇರೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಬ್ಬರಿಗೂ ಒಂದೇ ಷರಾ ಬರುತ್ತಿತ್ತು: "ಪರ್ಸೆಂಟೇಜ್ ರಿವೈಸ್".

ಹಾಗಾದರೆ ಟೆಸ್ಟ್ ಮುಗಿದ ಮೇಲೆ ಏನು ಮಾಡಬೇಕು? ಮೊದಲ ಕೆಲಸ, ಉತ್ತರ ನೋಡಬೇಡಿ. ಇದು ಕಷ್ಟ, ಗೊತ್ತು. ಅಂಕ ಬೇಕಾದರೆ ನೋಡಿಕೊಳ್ಳಿ, ಯಾವ ಪ್ರಶ್ನೆ ತಪ್ಪಾಯಿತು ಅನ್ನೋದನ್ನು ಮಾತ್ರ ಮಾರನೇ ದಿನಕ್ಕೆ ಬಿಡಿ. ಮಾರನೇ ದಿನ ಅನುಮಾನ ಇದ್ದ ಪ್ರಶ್ನೆಗಳನ್ನೆಲ್ಲ ಗಡಿಯಾರ ಇಲ್ಲದೆ ಮತ್ತೆ ಮಾಡಿ. ಆಮೇಲೆ ಉತ್ತರ ತೆಗೆಯಿರಿ. ಸಮಯ ಸಿಕ್ಕಾಗ ಸರಿಯಾಯಿತು ಅಂದರೆ ವಿಷಯ ಗೊತ್ತಿದೆ, ವೇಗ ಇಲ್ಲ. ಆಗಲೂ ತಪ್ಪಾಯಿತು ಅಂದರೆ ವಿಷಯವೇ ಗೊತ್ತಿಲ್ಲ. ಇವೆರಡನ್ನು ಬೇರೆ ಮಾಡದೆ ಓದಿದರೆ, ಗೊತ್ತಿರೋದನ್ನೇ ಮತ್ತೆ ಓದುತ್ತಾ ತಿಂಗಳು ಕಳೆದುಹೋಗುತ್ತದೆ.

ಅನುಮಾನ ಇದ್ದ ಪ್ರಶ್ನೆ ಯಾವುದು ಅಂತ ತಿಳಿಯೋದಕ್ಕೆ ಟೆಸ್ಟ್ ಬರೆಯುವಾಗಲೇ ರಫ್ ಹಾಳೆಯಲ್ಲಿ ಗುರುತು ಮಾಡಿಕೊಳ್ಳಬೇಕು. ಖಚಿತ ಇದ್ದರೆ ಚುಕ್ಕೆ, ಅನುಮಾನ ಇದ್ದರೆ ಗೆರೆ, ಊಹೆ ಆದರೆ ಸೊನ್ನೆ. ಅರ್ಧ ಸೆಕೆಂಡ್ ಸಾಕು. ಇದರಿಂದ ಇನ್ನೊಂದು ಲಾಭ ಇದೆ. ಊಹೆ ಮಾಡಿ ಸರಿಯಾದ ಪ್ರಶ್ನೆಗಳೂ ಕೈಗೆ ಸಿಗುತ್ತವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಅವಕ್ಕೆ ಜಾಗವೇ ಇಲ್ಲ, ಅಂಕ ಬಂತಲ್ಲ ಅಂತ ಬಿಟ್ಟಿದ್ದೀರಿ. ಅದೃಷ್ಟದಿಂದ ಬಂದದ್ದು ಮುಂದಿನ ಸಲ ಹೋಗುತ್ತದೆ. ನಿಮ್ಮ ಅಂಕ 157ಕ್ಕೂ 160ಕ್ಕೂ ಮಧ್ಯೆ ತೂಗಾಡೋದರಲ್ಲಿ ಇದರ ಪಾಲು ದೊಡ್ಡದು. ಆ ಮೂರು ಅಂಕದ ಏರಿಳಿತಕ್ಕೆ ಖುಷಿಯೂ ಬೇಡ, ದುಃಖವೂ ಬೇಡ.

ಎಲ್ಲಕ್ಕಿಂತ ಬೆಲೆ ಬಾಳೋದು ಚುಕ್ಕೆ ಹಾಕಿಯೂ ತಪ್ಪಾದ ಪ್ರಶ್ನೆ. ನೂರಕ್ಕೆ ನೂರು ಖಚಿತ ಅಂದುಕೊಂಡದ್ದು ತಪ್ಪಾಯಿತು! ಅಲ್ಲಿ ನಿಮಗೆ ಗೊತ್ತಿಲ್ಲ ಅನ್ನೋದೇ ನಿಮಗೆ ಗೊತ್ತಿರಲಿಲ್ಲ. ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಅನ್ನೋ ಮನಶ್ಶಾಸ್ತ್ರಜ್ಞರು 2001ರಲ್ಲಿ ಒಂದು ಸೋಜಿಗದ ವಿಷಯ ತೋರಿಸಿದರು. ತುಂಬಾ ಧೈರ್ಯದಿಂದ ಹೇಳಿದ ತಪ್ಪು ಉತ್ತರವನ್ನು, ಸರಿ ಉತ್ತರ ತಿಳಿದ ಮೇಲೆ, ಜನ ಬೇಗ ತಿದ್ದಿಕೊಳ್ಳುತ್ತಾರಂತೆ. ಆಶ್ಚರ್ಯ ಆದದ್ದು ಮನಸ್ಸಿನಲ್ಲಿ ನಿಲ್ಲುತ್ತದೆ, ಅದಕ್ಕೆ. ಆದರೆ 2011ರಲ್ಲಿ ಬಟ್ಲರ್ ಮತ್ತು ಜೊತೆಗಾರರು ಇದಕ್ಕೆ ಒಂದು ಬಾಲ ಸೇರಿಸಿದರು. ವಾರ ಕಳೆದ ಮೇಲೆ ಸರಿ ಉತ್ತರ ಮರೆತುಹೋದರೆ, ವಾಪಸ್ ಬರೋದು ಅದೇ ಹಳೇ ಧೈರ್ಯದ ತಪ್ಪು. ಹಾಗಾಗಿ ಇಂಥವನ್ನು ಒಂದು ಸಲ ತಿದ್ದಿ ಬಿಡೋ ಹಾಗಿಲ್ಲ. ವಾರದ ನಂತರ ಮತ್ತೆ ಮಾಡಿ ನೋಡಲೇಬೇಕು.

ಮಾಡಿ ನೋಡಬೇಕು ಅಂದೆ, ಓದಿ ನೋಡಬೇಕು ಅನ್ನಲಿಲ್ಲ. ಬಿಡಿಸಿದ ಲೆಕ್ಕ ಓದುವಾಗ ಪ್ರತಿ ಸಾಲಿಗೂ ತಲೆ ಆಡುತ್ತದೆ. ಹೌದು, ಇದು ಗೊತ್ತಿತ್ತು, ಇದೂ ಗೊತ್ತಿತ್ತು. ಬೇರೆಯವರು ಈಜೋದನ್ನು ದಡದಲ್ಲಿ ಕೂತು ನೋಡಿದ ಹಾಗೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಈ ವಿಷಯದಲ್ಲಿ ತುಂಬಾ ಪ್ರಸಿದ್ಧ. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರೇ ಮುಂದು, ಅವರಿಗೆ ಶೇಕಡಾ 81, ಬರೆದವರಿಗೆ 75. ಒಂದು ವಾರದ ನಂತರ ಕೇಳಿದರೆ ಪುಸ್ತಕ ಮುಚ್ಚಿ ಬರೆದವರಿಗೆ ಶೇಕಡಾ 56 ನೆನಪಿತ್ತು, ಎರಡು ಸಲ ಓದಿದವರಿಗೆ 42. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಇಲ್ಲ, ಐದು ವಾರದ ನಂತರ ಇದೆ.

ಆದ್ದರಿಂದ ಉತ್ತರದ ವಿವರಣೆಯನ್ನು ಪೂರ್ತಿ ಓದಬೇಡಿ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲಿವರೆಗೆ ಒಂದು ಸಾಲು ಓದಿ, ಮುಚ್ಚಿ, ಮುಂದಿನದನ್ನು ನೀವೇ ಮಾಡಿ. ಆಮೇಲೆ ಪ್ರಶ್ನೆಯನ್ನು ಉತ್ತರ ಇಲ್ಲದೆ ಒಂದು ಚೀಟಿಯ ಮೇಲೆ ಬರೆದು, ಎರಡು ದಿನ ಬಿಟ್ಟು ಮಾಡಿ. ಸರಿ ಬಂದರೆ ಒಂದು ವಾರ ಮುಂದಕ್ಕೆ. ಆಗಲೂ ಸರಿ ಬಂದರೆ ಎರಡು ವಾರ. ತಪ್ಪಾದರೆ ಮತ್ತೆ ಮೊದಲಿಗೆ. ಚೀಟಿಗಳನ್ನು ಹೀಗೆ ಬೇರೆ ಬೇರೆ ಖಾನೆಯಲ್ಲಿಟ್ಟು ಓಡಾಡಿಸುವ ಪದ್ಧತಿಯನ್ನು ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜನಪ್ರಿಯ ಮಾಡಿದರು. ಮೂರು ಹಳೇ ಡಬ್ಬಿ ಇದ್ದರೆ ಸಾಕು. ನೋಟ್‌ಬುಕ್ಕಿಗಿಂತ ಚೀಟಿ ವಾಸಿ ಅಂತ ನಾನು ಹೇಳೋದು ಇದಕ್ಕೇ. ನೋಟ್‌ಬುಕ್ಕಿನಲ್ಲಿ ಪ್ರಶ್ನೆಯ ಕೆಳಗೇ ಉತ್ತರ ಕಣ್ಣಿಗೆ ಬೀಳುತ್ತದೆ, ಅದೂ ಹಸಿರು ಶಾಯಿಯಲ್ಲಿ.

ನೋಟ್‌ಬುಕ್ಕನ್ನು ಬಿಸಾಡಬೇಡಿ. ಅದರಲ್ಲಿ ಇನ್ನು ಮುಂದೆ ಬರೆಯಬೇಕಾದ್ದು ಹೇಗಿರಬೇಕು ಅಂತ, ನಿಮ್ಮದೇ ಪ್ರಶ್ನೆಗೆ ನಾನು ಬರೆದು ತೋರಿಸುತ್ತೇನೆ:

"ವರ್ಗ ದೊಡ್ಡದೋ, ಸಂಖ್ಯೆ ದೊಡ್ಡದೋ. ಗುರುತು ಹಾಕಿದ್ದು 'ಎಡ ದೊಡ್ಡದು', ಖಚಿತ ಅಂತ ಚುಕ್ಕೆಯೂ ಇತ್ತು. 2 ಇಟ್ಟೆ, 3 ಇಟ್ಟೆ, ಎರಡು ಸಲ ಒಂದೇ ಉತ್ತರ ಬಂತು, ಸಾಕು ಅಂದುಕೊಂಡೆ. 'ಸೊನ್ನೆಗಿಂತ ದೊಡ್ಡದು' ಅಂತ ಪ್ರಶ್ನೆಯಲ್ಲಿ ಓದಿದಾಗ 'ಪೂರ್ಣ ಸಂಖ್ಯೆ' ಅಂತ ನಾನೇ ಸೇರಿಸಿಕೊಂಡೆ. ಮುಂದಿನ ಸಲ: ಐದು ಸಂಖ್ಯೆ ಮೂಲೆಯಲ್ಲಿ."

ಇಷ್ಟೇ. ಇದರಲ್ಲಿ ಸರಿ ಉತ್ತರವೇ ಇಲ್ಲ, ನೋಡಿದಿರಾ? ಮೊದಮೊದಲು ಇದು ಬರೆಯೋಕೆ ಮುಜುಗರ ಆಗುತ್ತದೆ. ನನ್ನ ಹತ್ತಿರ ಕಲಿಯೋರಲ್ಲಿ ಒಬ್ಬರು ಎರಡು ವಾರ "ನನಗೆ ನೆನಪಿಲ್ಲ" ಅಂತಲೇ ಬರೆಯುತ್ತಿದ್ದರು. ಅದೂ ಒಂದು ಸುಳಿವೇ. ರಫ್ ಹಾಳೆ ಅಸ್ತವ್ಯಸ್ತ ಇದ್ದದ್ದರಿಂದ ಏನು ಮಾಡಿದೆ ಅಂತ ಅವರಿಗೇ ತಿಳಿಯುತ್ತಿರಲಿಲ್ಲ. ಹಾಳೆಯನ್ನು ಮಡಚಿ ಎಂಟು ಮನೆ ಮಾಡಿಕೊಂಡು, ಮನೆಗೊಂದು ಪ್ರಶ್ನೆ ಅಂತ ಬರೆಯೋಕೆ ಶುರು ಮಾಡಿದರು. ನೆನಪು ತಾನಾಗೇ ಬಂತು. ಲೆಕ್ಕದ ತಪ್ಪೂ ಕಡಿಮೆಯಾಯಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ವರ್ಬಲ್, ಅಂದರೆ ಇಂಗ್ಲಿಷ್ ಭಾಷೆಯ ಭಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಗದ್ಯ ಓದಿ ಉತ್ತರಿಸುವ ಪ್ರಶ್ನೆಗಳಲ್ಲೂ ಇದೇ ಕೆಲಸ. ಗದ್ಯದಲ್ಲಿ "ಈ ವಾದವನ್ನು ಕೆಲವು ವಿದ್ವಾಂಸರು ಪ್ರಶ್ನಿಸಿದ್ದಾರೆ" ಅಂತ ಇರುತ್ತದೆ. ಆಯ್ಕೆಯಲ್ಲಿ "ವಿದ್ವಾಂಸರು ಈ ವಾದವನ್ನು ತಳ್ಳಿಹಾಕಿದ್ದಾರೆ" ಅಂತ ಇರುತ್ತದೆ. ವಿಷಯ ಅದೇ, ಪದಗಳೂ ಅವೇ, ಹಾಗಾಗಿ ಕಣ್ಣು ಒಪ್ಪಿಬಿಡುತ್ತದೆ. "ಕೆಲವು" ಮಾಯವಾಗಿದೆ, "ಪ್ರಶ್ನಿಸು" ಹೋಗಿ "ತಳ್ಳಿಹಾಕು" ಆಗಿದೆ. ತಪ್ಪು ಆಯ್ಕೆಯಲ್ಲಿ ಅದನ್ನು ಕೆಡಿಸಿದ ಒಂದು ಪದಕ್ಕೆ ಸುತ್ತು ಹಾಕಿ. ಇಪ್ಪತ್ತು ಸುತ್ತು ಆದ ಮೇಲೆ ಅವನ್ನಷ್ಟೇ ಒಂದರ ಕೆಳಗೊಂದು ಬರೆದು ನೋಡಿ, ನೀವು ಯಾವ ಜಾತಿಯ ಪದಕ್ಕೆ ಮೋಸ ಹೋಗುತ್ತೀರಿ ಅಂತ ಗೊತ್ತಾಗುತ್ತದೆ.

ಈಗ "ಟೈಮ್ ಸಾಲಲಿಲ್ಲ" ಅಂತ ಬರೆದ ಪ್ರಶ್ನೆ. ಅದು ಕ್ವಾಂಟ್ ಮೊದಲ ಭಾಗದ 11ನೇ ಪ್ರಶ್ನೆ ಅಂತ ಮೇಲೆ ಬರೆದಿದ್ದೀರಿ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಚಿಕ್ಕದಾದ ಮೇಲೆ ಆ ಭಾಗದಲ್ಲಿ 12 ಪ್ರಶ್ನೆ, 21 ನಿಮಿಷ. ಒಂದಕ್ಕೆ ಒಂದೂ ಮುಕ್ಕಾಲು ನಿಮಿಷ. 11ನೇ ಪ್ರಶ್ನೆ ನನಗೆ ಕಷ್ಟದ್ದಾಗಿ ಕಾಣಲಿಲ್ಲ. ನಿಮ್ಮ ತಪ್ಪು 11ರಲ್ಲಿ ಆಗಿಲ್ಲ, ಅದಕ್ಕೂ ಮುಂಚೆ ಎಲ್ಲೋ ಆಗಿದೆ. 4ನೇ ಪ್ರಶ್ನೆಯ ಮೇಲೆ ಐದೂವರೆ ನಿಮಿಷ ಹಠ ಹಿಡಿದು ಕೂತಿದ್ದಿರಿ ಅಂದುಕೊಳ್ಳಿ. ಉಳಿದ ಹನ್ನೊಂದಕ್ಕೆ ಸಿಗೋದು ಹದಿನೈದೂವರೆ ನಿಮಿಷ, ಒಂದೊಂದಕ್ಕೆ ಒಂದೂವರೆ ನಿಮಿಷವೂ ಇಲ್ಲ. ಆ 4ನೇದು ಕೊನೆಗೆ ಸರಿಯಾಗಿಯೇ ಬಂದಿದ್ದರೆ ನಿಮ್ಮ ನೋಟ್‌ಬುಕ್ಕಿಗೆ ಅದು ಕಾಣಿಸೋದೂ ಇಲ್ಲ! ಸರಿ ಉತ್ತರ ಅಂತ ಹಾಯಾಗಿ ತಪ್ಪಿಸಿಕೊಂಡಿತು, ಪಾಪ 11 ಸಿಕ್ಕಿಬಿತ್ತು. ಮಾಕ್ ಟೆಸ್ಟಿನ ವರದಿಯಲ್ಲಿ ಪ್ರಶ್ನೆಗೆ ಎಷ್ಟು ಸಮಯ ಹಿಡಿಯಿತು ಅಂತ ಇದ್ದರೆ ಮೊದಲು ಆ ಕಾಲಂ ನೋಡಿ. ಮೂರು ನಿಮಿಷ ದಾಟಿದ್ದೆಲ್ಲ, ಸರಿಯೋ ತಪ್ಪೋ, ನೋಟ್‌ಬುಕ್ಕಿಗೆ ಬರಬೇಕು. ಎರಡು ನಿಮಿಷಕ್ಕೆ ದಾರಿ ಕಾಣದಿದ್ದರೆ ಒಂದು ಊಹೆ ಹಾಕಿ, ಮಾರ್ಕ್ ಮಾಡಿ, ಮುಂದೆ ಹೋಗಿ. ಜಿಆರ್‌ಇಯಲ್ಲಿ ತಪ್ಪಿಗೆ ಅಂಕ ಕಳೆಯೋದಿಲ್ಲ. ಅದೇ ಭಾಗದೊಳಗೆ ವಾಪಸ್ ಬಂದು ಬದಲಾಯಿಸಲೂಬಹುದು.

ಬದಲಾಯಿಸೋದರ ಬಗ್ಗೆ ಒಂದು ನಂಬಿಕೆ ಇದೆ, ಮೊದಲು ಹೊಳೆದದ್ದೇ ಸರಿ, ಕೈ ಹಾಕಬಾರದು ಅಂತ. ಕ್ರೂಗರ್ ಮತ್ತು ಜೊತೆಗಾರರು 2005ರಲ್ಲಿ 1,561 ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಅಳಿಸಿ ಬರೆದ ಗುರುತುಗಳನ್ನೆಲ್ಲ ಎಣಿಸಿದರು. ಶೇಕಡಾ 51 ತಪ್ಪಿನಿಂದ ಸರಿಗೆ ಹೋಗಿದ್ದವು, 25 ಸರಿಯಿಂದ ತಪ್ಪಿಗೆ, ಉಳಿದವು ತಪ್ಪಿನಿಂದ ಇನ್ನೊಂದು ತಪ್ಪಿಗೆ. ಬದಲಾಯಿಸಿ ಕಳೆದುಕೊಂಡದ್ದು ಹೊಟ್ಟೆ ಉರಿಸುತ್ತದೆ, ಅದಕ್ಕೇ ಅದೊಂದೇ ನೆನಪಿರುತ್ತದೆ. ನಿಮ್ಮ ವಿಷಯದಲ್ಲಿ ಹೇಗೆ ಅಂತ ತಿಳಿಯೋಕೆ ನಾಲ್ಕು ಟೆಸ್ಟಿನ ಲೆಕ್ಕ ಇಟ್ಟರೆ ಸಾಕು. ಒಂದೇ ನಿಯಮ: ಕಾರಣ ಸಿಕ್ಕಿದ್ದರೆ ಬದಲಾಯಿಸಿ, ಹೆದರಿಕೆ ಆಗಿದ್ದರೆ ಬಿಡಿ.

"ಕಾನ್ಸೆಪ್ಟ್ ರಿವೈಸ್" ಅಂತ ಬರೆದ ಎರಡೂ ಸಂಭವನೀಯತೆಯ ಪ್ರಶ್ನೆಗಳು. ಅದರಲ್ಲಿ ನೀವು ನಿಜವಾಗಿಯೂ ಹಿಂದಿದ್ದೀರಿ, ಅಧ್ಯಾಯ ಕೂತು ಓದಲೇಬೇಕು. ಆದರೆ ಓದಿದ ಮೇಲೆ ಆ ಅಧ್ಯಾಯದ ಮೂವತ್ತು ಲೆಕ್ಕವನ್ನು ಒಂದೇ ಉಸಿರಿಗೆ ಮಾಡಬೇಡಿ. ಒಂದೇ ಜಾತಿಯ ಲೆಕ್ಕ ಸಾಲಾಗಿ ಮಾಡಿದರೆ ಐದನೆಯದಕ್ಕೆ ಕೈ ತಾನೇ ಓಡುತ್ತದೆ, ಯಾವ ಸೂತ್ರ ಅಂತ ಯೋಚಿಸಬೇಕಾಗಿಲ್ಲ. ಪರೀಕ್ಷೆಯಲ್ಲಿ ಇರೋ ಕಷ್ಟವೇ ಯಾವ ಸೂತ್ರ ಅಂತ ಆರಿಸೋದು. ರೋರರ್ ಮತ್ತು ಟೇಲರ್ 2007ರಲ್ಲಿ ಇದನ್ನು ಗಾತ್ರ ಕಂಡುಹಿಡಿಯುವ ಲೆಕ್ಕಗಳಲ್ಲಿ ನೋಡಿದರು. ಜಾತಿವಾರು ಮಾಡಿದವರು ಅಭ್ಯಾಸದ ಹೊತ್ತಿಗೆ ಶೇಕಡಾ 89 ಸರಿ ಮಾಡಿದರು, ಬೆರೆಸಿ ಮಾಡಿದವರು 60. ವಾರದ ನಂತರದ ಪರೀಕ್ಷೆಯಲ್ಲಿ ಜಾತಿವಾರು ಗುಂಪು 20ಕ್ಕೆ ಕುಸಿಯಿತು, ಬೆರೆಸಿದವರು 63ರಲ್ಲಿ ನಿಂತರು. ಅಭ್ಯಾಸದಲ್ಲಿ ತಪ್ಪು ಜಾಸ್ತಿ ಆಗುತ್ತಿದೆ ಅಂತ ಗಾಬರಿ ಬೀಳೋರಿಗೆ ನಾನು ತೋರಿಸೋದು ಈ ನಾಲ್ಕು ಸಂಖ್ಯೆಗಳನ್ನೇ.

ಇನ್ನು ಐದು ವಾರ. ಮೊದಲ ವಾರ ಹೊಸ ಟೆಸ್ಟ್ ಒಂದೂ ಬೇಡ. ಎಂಟು ಟೆಸ್ಟ್ ಬರೆದಿದ್ದೀರಿ, ತಪ್ಪುಗಳ ಗಣಿ ಕೈಯಲ್ಲಿದೆ. ಕೊನೆಯ ಮೂರನ್ನು ತೆಗೆದು, ತಪ್ಪಾದ ಪ್ರಶ್ನೆಗಳನ್ನು ಉತ್ತರ ಮುಚ್ಚಿ ಮತ್ತೆ ಮಾಡಿ, ಮೇಲೆ ತೋರಿಸಿದ ಹಾಗೆ ಬರೆಯಿರಿ. ಮೊದಲ ಐದು ಟೆಸ್ಟಿನದ್ದು ಬಿಡಿ, ಆಗ ಏನು ಯೋಚಿಸಿದ್ದಿರೋ ಈಗ ನೆನಪಿರೋದಿಲ್ಲ. ವಾರದ ಕೊನೆಗೆ ಷರಾಗಳನ್ನೆಲ್ಲ ಸಾಲಾಗಿ ಓದಿ, ಒಂದೇ ಥರದ್ದನ್ನು ಒಟ್ಟು ಮಾಡಿ. ನಲವತ್ತು ತಪ್ಪು ಇದ್ದರೆ ಆರೋ ಏಳೋ ಅಭ್ಯಾಸಕ್ಕೆ ಇಳಿಯುತ್ತದೆ. ಜಾಸ್ತಿ ಸಲ ಬಂದ ಎರಡನ್ನು ಮಾತ್ರ ಹಿಡಿದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತಿದ್ದೋಕೆ ಹೋದರೆ ಒಂದೂ ಆಗೋದಿಲ್ಲ.

ಎರಡನೇ ವಾರದಿಂದ ವಾರಕ್ಕೆ ಒಂದೇ ಟೆಸ್ಟ್. ಟೆಸ್ಟ್ ಎರಡು ಗಂಟೆ ಹಿಡಿದರೆ ಅದನ್ನು ನೋಡೋಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಪವರ್‌ಪ್ರೆಪ್ ಹೆಸರಿನಲ್ಲಿ ಎರಡು ಟೆಸ್ಟ್ ಉಚಿತವಾಗಿ ಕೊಡುತ್ತದೆ. ಅವನ್ನು ಇನ್ನೂ ಮುಟ್ಟಿಲ್ಲದಿದ್ದರೆ ಒಂದನ್ನು ಮೂರನೇ ವಾರದ ಕೊನೆಗೆ, ಇನ್ನೊಂದನ್ನು ಪರೀಕ್ಷೆಗೆ ವಾರ ಇರುವಾಗ ಬರೆಯಿರಿ. ಮೂರನೇ ವಾರದ್ದರಲ್ಲಿ ನೀವು ಹಿಡಿದುಕೊಂಡ ಎರಡು ಅಭ್ಯಾಸದಿಂದ ಎಷ್ಟು ತಪ್ಪಾಯಿತು ಅಂತ ಎಣಿಸಿ. ಅಂಕ ಏನೇ ಬರಲಿ, ಆ ಎಣಿಕೆ ಅರ್ಧಕ್ಕೆ ಇಳಿದಿದ್ದರೆ ದಿನಾಂಕ ಬದಲಾಯಿಸಬೇಡಿ. ಇಳಿದಿಲ್ಲ ಅಂದರೆ ಮುಂದಕ್ಕೆ ಹಾಕಿ. ಒಂದು ವೇಳೆ ಬರೆದು ಅಂಕ ಸಾಲದೆ ಹೋದರೂ 21 ದಿನ ಬಿಟ್ಟು ಮತ್ತೆ ಬರೆಯೋಕೆ ಅವಕಾಶ ಇದೆ.

ಪರೀಕ್ಷೆಯ ಹಿಂದಿನ ಸಂಜೆ ಎರಡೂ ನೋಟ್‌ಬುಕ್ ಮುಚ್ಚಿಡಿ. ಒಂದು ಚೀಟಿಯಲ್ಲಿ ನಾಲ್ಕೈದು "ಮುಂದಿನ ಸಲ" ಸಾಲು ಬರೆದುಕೊಳ್ಳಿ, ಮೂಲೆಯಲ್ಲಿ ಐದು ಸಂಖ್ಯೆ, ಕೊನೇ ಸಾಲು ಇನ್ನೊಮ್ಮೆ, ಎರಡು ನಿಮಿಷಕ್ಕೆ ಮುಂದೆ, ಹೀಗೆ. ಚೀಟಿಯನ್ನು ಒಳಗೆ ಬಿಡೋದಿಲ್ಲ, ಹಾಗಾಗಿ ಬೆಳಿಗ್ಗೆ ಹೊರಡುವ ಮುಂಚೆ ಅದನ್ನು ನೋಡದೆ ಒಂದು ಸಲ ಬರೆದು ನೋಡಿ.